ಕಣ್ಣಿಗೆ ಕಾಣುವ ಕೊರಟಗೆರೆ ಗ್ರೆಪ್‌ಗೆ ಏಕೆ ಸಿಗುವುದಿಲ್ಲ?

ಪ್ರಶ್ನೆ: ನಾಲ್ಕು ತಾಲ್ಲೂಕುಗಳ ಊರಪಟ್ಟಿ ಒಂದೇ ಫೈಲಿನಲ್ಲಿದೆ. ಗ್ರೆಪ್ ಕೊಟ್ಟರೆ ಶಿರಾ, ಮಧುಗಿರಿ, ಪಾವಗಡ ಪೂರ್ತಿ ಸಿಗುತ್ತವೆ. ಕೊರಟಗೆರೆಯ ಕೆಲವು ಸಾಲು ತಪ್ಪಿಹೋಗುತ್ತವೆ. ಏಕೆ?
– ಓದುಗರೊಬ್ಬರು, ಶಿರಾ

ಉತ್ತರ: ತಪ್ಪು ನಿಮ್ಮದಲ್ಲ. ಬಹುಮಟ್ಟಿಗೆ ಅದು ‘ಕೊ’ ಅಕ್ಷರದ್ದು. ಯುನಿಕೋಡ್‌ನಲ್ಲಿ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವದ ಚಿಹ್ನೆಯ ಮುಂದೆ ಊತ್ವದ ಚಿಹ್ನೆ ಸೇರಿಸಿ ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಗ್ರೆಪ್ ಮಾತ್ರ ಬೇರೆ ಬೇರೆ ಎಂದೇ ಎಣಿಸುತ್ತದೆ. ಕೀ, ಕೇ, ಕೈ, ಕೋ ಅಕ್ಷರಗಳಿಗೂ ಇದೇ ಪಾಡು. ಉಳಿದ ಮೂರು ಊರುಗಳ ಹೆಸರಲ್ಲಿ ಇಂಥ ಸ್ವರವೇ ಇಲ್ಲ, ಅದಕ್ಕೇ ಅವು ತಪ್ಪದೆ ಸಿಕ್ಕವು.

ಪರೀಕ್ಷಿಸುವುದು ಸುಲಭ. ಪಟ್ಟಿಯಿಂದ ಆ ಹೆಸರನ್ನಷ್ಟೇ ನಕಲು ಮಾಡಿ, ಪ್ರಿಂಟ್‌ಎಫ್ ಮೂಲಕ ‘ಡಬ್ಲ್ಯೂಸಿ -ಸಿ’ಗೆ ಪೈಪ್ ಮಾಡಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಸರಿಯಾದ ‘ಕೊರಟಗೆರೆ’ 24 ತೋರಿಸುತ್ತದೆ, ಒಡೆದದ್ದು 27. (‘ಶಿರಾ’ ಯಾವಾಗಲೂ 12.)

ಪರಿಹಾರಕ್ಕೆ ಒಂದೇ ಸಾಲು ಸಾಕು: ಫೈಲನ್ನು ‘ಯುಕಾನ್ವ್ -ಎಕ್ಸ್ ಎನಿ-ಎನ್‌ಎಫ್‌ಸಿ’ ಮೂಲಕ ಹಾಯಿಸಿ. ಉಬುಂಟುವಿನಲ್ಲಿ ಇದು ಐಸಿಯು-ಡೆವ್‌ಟೂಲ್ಸ್ ಪ್ಯಾಕೇಜಿನಲ್ಲಿದೆ. ಪೈಥಾನ್ ಬಳಸುವವರಿಗೆ ಯುನಿಕೋಡ್‌ಡೇಟಾದ ನಾರ್ಮಲೈಸ್ ಇದೆ. ಸಾರ್ಟ್, ಯುನಿಕ್ ಓಡಿಸುವ ಮುನ್ನವೇ ಇದನ್ನು ಮಾಡಬೇಕು, ಇಲ್ಲವಾದರೆ ಒಂದೇ ಊರು ಎರಡಾಗಿ ಎಣಿಕೆಯಾಗುತ್ತದೆ. ಫಲಿತಾಂಶವನ್ನು ಹೊಸ ಹೆಸರಿನ ಫೈಲಿಗೇ ಬರೆಸಿ. ಅದೇ ಫೈಲಿಗೆ ಬರೆಸಿದರೆ ಓದುವ ಮೊದಲೇ ಅದು ಖಾಲಿಯಾಗುತ್ತದೆ.