ಗುಡ್ಡಕ್ಕೆ ಹೋದ ಅಜ್ಜಿಯೂ ಪ್ರವಾಸಿಯೇ

ಕುಂದಗೋಳ ತಾಲ್ಲೂಕಿನ ಕುಬಿಹಾಳದಲ್ಲಿ ಒಂದು ಮನೆ ಎಂದುಕೊಳ್ಳಿ. ಭಾರತ ಹುಣ್ಣಿಮೆ ಹತ್ತಿರ ಬಂದಿದೆ. ಅಜ್ಜಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದಾಳೆ. ಅದೇ ವಾರ ಮೊಮ್ಮಗ ಕೆಲಸ ಸಿಕ್ಕಿತೆಂದು ದುಬೈ ವಿಮಾನ ಹತ್ತುತ್ತಾನೆ. ಅಮೆರಿಕದಲ್ಲಿರುವ ಮಗಳು ಕೂಸನ್ನು ಕರೆದುಕೊಂಡು ತವರಿಗೆ ಬರುತ್ತಿದ್ದಾಳೆ. ನೀವು ಪ್ರವಾಸಿಗರೇ ಎಂದು ಕೇಳಿದರೆ ಇವರಲ್ಲಿ ಯಾರೂ ಹೌದೆನ್ನಲಿಕ್ಕಿಲ್ಲ. ದೇಶದ ಪ್ರವಾಸೋದ್ಯಮದ ಅಂಕಿಗಳಲ್ಲಿ ಮಾತ್ರ ಇವರೆಲ್ಲರಿಗೂ ಒಂದೊಂದು ಜಾಗ ಇದೆ.

ವಿಶ್ವಸಂಸ್ಥೆ ಒಪ್ಪಿದ ವ್ಯಾಖ್ಯೆ ಸರಳವಾದದ್ದು. ದಿನನಿತ್ಯದ ಓಡಾಟದ ಸೀಮೆ ದಾಟಿ ಹೋಗಬೇಕು, ಅಲ್ಲಿ ಒಂದು ರಾತ್ರಿಯಾದರೂ ತಂಗಬೇಕು, ಒಂದು ವರ್ಷದೊಳಗೆ ಮರಳಬೇಕು, ಹೋದಲ್ಲಿ ಸಂಬಳಕ್ಕೆ ದುಡಿಯಬಾರದು. ಕುಂದಗೋಳದ ಸಂತೆಗೋ ಹುಬ್ಬಳ್ಳಿಯ ಕಾಲೇಜಿಗೋ ಹೋಗಿಬರುವವರು ಇದರಲ್ಲಿ ಬರುವುದಿಲ್ಲ. ಹರಕೆ ತೀರಿಸಲು ಹೋದವರು, ಬೀಗರ ಮನೆಯ ಮದುವೆಗೆ ಹೋಗಿ ಉಳಿದವರು ಬರುತ್ತಾರೆ. ಹಾಗಾಗಿ ಗುಡ್ಡದಲ್ಲಿ ರಾತ್ರಿ ಕಳೆದ ಅಜ್ಜಿ ದೇಶೀಯ ಪ್ರವಾಸಿ.

ಮಗಳ ಪ್ರಸಂಗ ಇನ್ನೂ ಸೋಜಿಗದ್ದು. ಅವಳ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ಅಲ್ಲೇ ಹುಟ್ಟಿದ ಕೂಸಿಗೆ ಅಮೆರಿಕದ್ದು. ಬೆಂಗಳೂರು ವಿಮಾನ ನಿಲ್ದಾಣದ ವಲಸೆ ಕೌಂಟರಿನ ಲೆಕ್ಕದಲ್ಲಿ ತಾಯಿ ಅನಿವಾಸಿ ಭಾರತೀಯರ ಸಾಲಿಗೆ ಸೇರಿದರೆ, ಅವಳ ಕಂಕುಳಲ್ಲಿರುವ ಕೂಸು ವಿದೇಶಿ ಪ್ರವಾಸಿಗರ ಸಾಲಿಗೆ ಸೇರುತ್ತದೆ. 2023ರಲ್ಲಿ ಭಾರತಕ್ಕೆ ಬಂದ ವಿದೇಶಿಯರು ಸುಮಾರು 95 ಲಕ್ಷ. ತವರಿಗೆ ಬಂದ ಅನಿವಾಸಿಗಳೂ ಹೆಚ್ಚುಕಡಿಮೆ ಅಷ್ಟೇ, 94 ಲಕ್ಷದ ಆಸುಪಾಸು. ಎರಡನ್ನೂ ಕೂಡಿಸಿ ಹೇಳಿದರೆ ಸಂಖ್ಯೆ ಒಮ್ಮೆಗೇ ಇಮ್ಮಡಿಯಾಗಿ ಕಾಣುತ್ತದೆ. ಪತ್ರಿಕೆಯಲ್ಲಿ ಇಂಥ ಅಂಕಿ ಕಂಡಾಗ ಯಾವ ಸಾಲಿನದು ಎಂದು ಮೊದಲು ನೋಡಬೇಕು.

ಹೊರಹೋಗುವವರ ಲೆಕ್ಕ ಇದಕ್ಕಿಂತ ಸಡಿಲ. ಹುಬ್ಬಳ್ಳಿಯಿಂದ ವಿದೇಶಕ್ಕೆ ನೇರ ವಿಮಾನವಿಲ್ಲದ್ದರಿಂದ ಮೊಮ್ಮಗ ಬೆಂಗಳೂರಿಗೋ ಗೋವಾಕ್ಕೋ ಹೋಗಬೇಕು. ಅಲ್ಲಿ ಅವನ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದಾಗ ಹೊರಹೋದ ಭಾರತೀಯರ ಸಂಖ್ಯೆಗೆ ಒಂದು ಸೇರುತ್ತದೆ. ದುಡಿಯಲು ಹೋದವನು, ಓದಲು ಹೋದವಳು, ಹಜ್ ಯಾತ್ರಿ, ಮಧುಚಂದ್ರಕ್ಕೆ ಹೊರಟ ಜೋಡಿ ಎಲ್ಲರೂ ಆ ಒಂದೇ ಮೊತ್ತದಲ್ಲಿ. ಈ ಸಂಖ್ಯೆ 2019ರಲ್ಲಿ 2.69 ಕೋಟಿ ಇತ್ತು, 2024ರಲ್ಲಿ 3 ಕೋಟಿ ದಾಟಿತು. ಅದೇ 2019ರಲ್ಲಿ ಒಳಬಂದ ವಿದೇಶಿಯರು 1.09 ಕೋಟಿ, 2024ರಲ್ಲಿ ಅದಕ್ಕಿಂತ ಕಡಿಮೆ. ಹೊರಹೋಗುವ ನಮ್ಮವರು ಕೊರೊನಾ ಕಾಲದ ಹೊಡೆತ ದಾಟಿ ಮುಂದೆ ಹೋದರು. ಬರುವ ವಿದೇಶಿಯರು ಇನ್ನೂ ಹಳೆಯ ಮಟ್ಟ ಮುಟ್ಟಿರಲಿಲ್ಲ.

ಇವೆರಡೂ ಅಜ್ಜಿಯ ಸಾಲಿನ ಮುಂದೆ ಬಹಳ ಚಿಕ್ಕವು. ದೇಶದೊಳಗಿನ ಪ್ರವಾಸಿ ಭೇಟಿಗಳು 2019ರಲ್ಲಿ 232 ಕೋಟಿ. 2020ರಲ್ಲಿ 61 ಕೋಟಿಗೆ ಕುಸಿದು, 2024ರಲ್ಲಿ 295 ಕೋಟಿಯ ಹತ್ತಿರ ಬಂದವು. ಇಷ್ಟು ಜನ ಎಲ್ಲಿದ್ದಾರೆ ಎಂದು ಗಾಬರಿಯಾಗಬೇಡಿ, ಇಲ್ಲಿ ಎಣಿಸುವುದು ಭೇಟಿಗಳನ್ನು. ಸವದತ್ತಿ, ಬಾದಾಮಿ ಬನಶಂಕರಿ, ಹಂಪಿ ಮೂರನ್ನೂ ಒಂದೇ ತಿರುಗಾಟದಲ್ಲಿ ಮುಗಿಸಿ ಬಂದ ಒಬ್ಬಾಕೆ ಮೂರು ಸಲ ಎಣಿಕೆಯಾಗಬಹುದು.

ಈ ಲೆಕ್ಕ ಹುಟ್ಟುವ ಬಗೆ ತಿಳಿದರೆ ಅದರ ಕೊರತೆಯೂ ತಿಳಿಯುತ್ತದೆ. ಗಡಿಯಲ್ಲಿ ಪಾಸ್‌ಪೋರ್ಟ್ ಇದೆ, ಊರಿಂದ ಊರಿಗೆ ಹೋಗುವವರ ಕೈಯಲ್ಲಿ ಏನೂ ಇಲ್ಲ. ವಸತಿಗೃಹಗಳು, ಪ್ರವಾಸಿ ತಾಣಗಳು ಕೊಟ್ಟ ಅಂಕಿಗಳನ್ನು ರಾಜ್ಯಗಳು ಒಟ್ಟುಮಾಡಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ಕಳಿಸುತ್ತವೆ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ ಟಿಕೆಟ್ ಇರುವುದರಿಂದ ಎರಡು ಲೆಕ್ಕವೂ ತಾನಾಗಿ ಬೇರೆಯಾಗುತ್ತದೆ. ಯಲ್ಲಮ್ಮನ ಗುಡ್ಡದ ಬಯಲಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡಿ, ದೇವಿಗೆ ಎಡೆಯ ಪಡ್ಡಲಗಿ ತುಂಬಿ, ಚಕ್ಕಡಿಯ ಕೆಳಗೆ ಮಲಗುವ ಸಂಸಾರಕ್ಕೆ ಯಾವ ಟಿಕೆಟ್? ಅಲ್ಲಿ ಅಂದಾಜೇ ಆಧಾರ. ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ನಮ್ಮ ಭಾಗದ ಹೆಣ್ಣುಮಕ್ಕಳು ಗುಡ್ಡಕ್ಕೆ ಹೋಗುವುದು ಸಲೀಸಾಯಿತು. ಆದರೆ ಶೂನ್ಯ ದರದ ಟಿಕೆಟ್ಟು ಹೊಲಕ್ಕೆ, ಶಾಲೆಗೆ ಹೋಗುವವರಿಗೂ ಸಿಗುವುದರಿಂದ ಅದನ್ನು ಪ್ರವಾಸದ ಅಳತೆ ಮಾಡಲಾಗದು.

ಎಣಿಕೆ ಮುಖ್ಯ, ಯಾಕೆಂದರೆ ಅನುದಾನ ಕೇಳುವವರು ಮುಂದಿಡುವುದೇ ಬಂದುಹೋಗುವವರ ಸಂಖ್ಯೆಯನ್ನು. 2024ರಲ್ಲಿ ಕೇಂದ್ರ ಸರ್ಕಾರ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಒಪ್ಪಿತು. ಆ ದುಡ್ಡು ಮೊದಲು ಶೌಚಾಲಯಕ್ಕೆ, ಕುಡಿಯುವ ನೀರಿಗೆ, ರಾತ್ರಿ ತಂಗುವ ನೆರಳಿಗೆ ಹೋಗಲಿ ಎಂಬುದು ನನ್ನ ಆಸೆ. ಬಯಲಲ್ಲಿ ಮಲಗುವವರಿಗೆ ಬೇಕಾದದ್ದು ಅದೇ.

ಲೆಕ್ಕದ ಹೊರಗೆ ಉಳಿಯುವ ಇನ್ನೊಬ್ಬರನ್ನು ನೋಡಲು ಕುಬಿಹಾಳದವರು ದೂರ ಹೋಗಬೇಕಿಲ್ಲ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರಿಗೆ ಸಂಗೀತ ಕಲಿಸಿದ ಸವಾಯಿ ಗಂಧರ್ವರ ನೆನಪಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಗಾಯನ ನಡೆಯುತ್ತದೆ. ಪರಊರಿನ ಕೇಳುಗರೊಬ್ಬರು ಜಮಖಾನದ ಮೇಲೆ ಕೂತು ಬೆಳಗಿನ ಭೈರವಿವರೆಗೆ ಕೇಳುತ್ತಾರೆ, ಚಹಾ ಕುಡಿದು ಸ್ಟೇಷನ್ ಕಡೆ ನಡೆಯುತ್ತಾರೆ. ರಾತ್ರಿಯಿಡೀ ಊರಲ್ಲೇ ಇದ್ದರು. ಯಾವ ಲಾಡ್ಜಿನ ವಹಿಯಲ್ಲೂ ಅವರ ಹೆಸರಿಲ್ಲ.