ಸೇನೆಗೆ ಹೊರಟವರು ಹೊರೆ ಹೊತ್ತು ನಡೆಯುವ ಮುನ್ನ

ರಾತ್ರಿ ಬಸ್ಸಿನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಹೋಗುವವರಿಗೆ ನಾಗಮಂಗಲ ತಾಲೂಕಿನ ಬೆಳ್ಳೂರು ಕ್ರಾಸ್ ಪರಿಚಿತ ಸ್ಥಳ. ನಸುಕಿನಲ್ಲಿ ಆ ಭಾಗದ ರಸ್ತೆ ಬದಿಯಲ್ಲಿ ಹುಡುಗರು ಓಡುವುದನ್ನು ನಾವು ಕಂಡಿದ್ದೇವೆ. ಸೇನಾ ಭರ್ತಿಗೆ ಸಿದ್ಧರಾಗುವ ಹುಡುಗರು ನಮ್ಮ ಕರಾವಳಿಯಲ್ಲೂ ಇದ್ದಾರೆ. ಅವರಿಗೂ ಅವರ ತಂದೆತಾಯಿಗೂ ಈ ಮಾತುಗಳು ಉಪಯೋಗವಾದಾವು.

ಭರ್ತಿ ರ್‍ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ಣ 60 ಅಂಕ, ಹತ್ತು ಪುಲ್‌ಅಪ್‌ಗೆ 40 ಅಂಕ. ಇದೆಲ್ಲವೂ ಬರಿ ಮೈಯಲ್ಲಿ ನಡೆಯುವ ಪರೀಕ್ಷೆ. ಆಯ್ಕೆಯಾಗಿ ತರಬೇತಿ ಕೇಂದ್ರಕ್ಕೆ ಹೋದ ಮೇಲೆ ಬೂಟು ತೊಟ್ಟು, ಸೇನೆಯಲ್ಲಿ ಪಿಟ್ಠು ಎನ್ನುವ ಬೆನ್ನುಚೀಲ ಹೊತ್ತು, ರೈಫಲ್ ಹಿಡಿದು ಮೈಲುಗಟ್ಟಲೆ ನಡೆಯಬೇಕು. ಇನ್ಸಾಸ್ ರೈಫಲ್ ಒಂದೇ ಸುಮಾರು 4 ಕೆ.ಜಿ. ತೂಗುತ್ತದೆ. ಓಟದಲ್ಲಿ ಮೊದಲಿಗನಾದ ಹುಡುಗನೂ ಇಲ್ಲಿ ಸೋಲುವುದುಂಟು.

ಸೋಲುವುದು ಎಲ್ಲಿ?

ಸೋಲುವುದು ಉಸಿರಿನಲ್ಲಲ್ಲ, ಮೂಳೆಯಲ್ಲಿ. ಅಭ್ಯಾಸ ಆರಂಭಿಸಿದ ಕೆಲವೇ ವಾರಗಳಲ್ಲಿ ಉಸಿರು ಸುಧಾರಿಸುತ್ತದೆ, ಸ್ನಾಯು ಬಲಿಯುತ್ತದೆ. ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ನಡುವೆ ಹೊರೆ ಹೆಚ್ಚಿದರೆ ಕಣಕಾಲಿನ ಅಥವಾ ಪಾದದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ನಡೆದು ದಣಿದ ಸೈನಿಕರ ಪಾದದ ಈ ತೊಂದರೆಯನ್ನು ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ 1855ರಲ್ಲೇ ವಿವರಿಸಿದ್ದರು. ಇಸ್ರೇಲಿನ ಸೇನೆಯಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಮನಾರ್ಹ. ಭರ್ತಿಗೆ ಮೊದಲು ಎರಡು ವರ್ಷವಾದರೂ ಬಾಸ್ಕೆಟ್‌ಬಾಲ್‌ನಂಥ ಚೆಂಡಾಟ ಆಡಿದವರಲ್ಲಿ ಬಿರುಕು ಅರ್ಧಕ್ಕಿಂತ ಕಡಿಮೆ. ಕೇವಲ ಓಡಿದವರಿಗೆ ಆ ರಕ್ಷಣೆ ಸಿಗಲಿಲ್ಲ. ಆದ್ದರಿಂದ ಓಟದ ಜೊತೆಗೆ ವಾಲಿಬಾಲ್, ಫುಟ್‌ಬಾಲ್ ಆಟವೂ ಇರಲಿ.

"ನಾವು ಹಳ್ಳಿಯವರು, ಕಬ್ಬಿನ ಹೊರೆ, ರಾಗಿ ಮೂಟೆ ಹೊತ್ತು ಬೆಳೆದವರು" ಎಂದು ಹುಡುಗರು ಹೇಳಬಹುದು. ನಿಜ. ಆದರೆ ಗದ್ದೆಯಿಂದ ಗಾಡಿಯವರೆಗೆ ಮೂಟೆ ಸಾಗಿಸುವುದು ಬೇರೆ, ಒಂದೇ ಹೆಜ್ಜೆಯಲ್ಲಿ ಗಂಟೆಗಟ್ಟಲೆ ನಡೆಯುವುದು ಬೇರೆ.

ಮನೆಯಲ್ಲಿ ಮಾಡುವುದು ಹೇಗೆ?

ಮೂರು ತಿಂಗಳು ಕೈಯಲ್ಲಿರಲಿ. ಮೊದಲ ನಾಲ್ಕು ವಾರ ಹೊರೆಯೇ ಬೇಡ. ವಾರಕ್ಕೆ ಮೂರು ದಿನ 4ರಿಂದ 6 ಕಿ.ಮೀ. ಬಿರುಸಾಗಿ ನಡೆಯಿರಿ. ಡಾಂಬರಿಗಿಂತ ಕೆರೆ ಏರಿ, ಮಣ್ಣು ರಸ್ತೆ ಉತ್ತಮ. ಐದನೇ ವಾರದಿಂದ ವಾರಕ್ಕೆ ಒಂದೇ ದಿನ 5 ಕೆ.ಜಿ. ಹೊತ್ತು ನಡೆಯಿರಿ. ಒಂಬತ್ತನೇ ವಾರದಿಂದ 8, ಕೊನೆಗೆ 10 ಕೆ.ಜಿ. 60 ಕೆ.ಜಿ. ತೂಕದ ಹುಡುಗನಿಗೆ ಮನೆಯಲ್ಲಿ ಇಷ್ಟು ಸಾಕು. ಉಳಿದದ್ದನ್ನು ಉಸ್ತಾದರು ಕಲಿಸುತ್ತಾರೆ. ತೂಕ ಹೆಚ್ಚಿಸಿದ ವಾರ ದೂರ ಹೆಚ್ಚಿಸಬೇಡಿ. ಮರುದಿನ ವಿಶ್ರಾಂತಿ ಇರಲಿ.

ಹೊರೆ ಹೊತ್ತು ಓಡಲೇಬೇಡಿ. ಮೇಲುಕೋಟೆಯ ಬೆಟ್ಟದ ಮೆಟ್ಟಿಲು ಹತ್ತುವ ಆಸೆಯಿದ್ದರೆ ಬರಿಗೈಯಲ್ಲಿ ಹತ್ತಿ. ಹೊರೆಯೊಂದಿಗೆ ಇಳಿಯುವಾಗ ಮೊಣಕಾಲಿಗೆ ಪೆಟ್ಟು ಹೆಚ್ಚು.

ಚೀಲಕ್ಕೆ ಹೊಸ ವಸ್ತು ಕೊಳ್ಳಬೇಕಾಗಿಲ್ಲ. ರಾಗಿ ಅಥವಾ ಮರಳನ್ನು ಪೊಟ್ಟಣ ಕಟ್ಟಿ, ಅಲುಗಾಡದಂತೆ ಹಳೆ ಬಟ್ಟೆ ತುರುಕಿ. ಭಾರ ಬೆನ್ನಿಗೆ ಅಂಟಿಕೊಂಡು, ಮೇಲ್ಭಾಗದಲ್ಲಿರಲಿ. ಹೊಸ ಬೂಟನ್ನು ಮೊದಲು ಮನೆಯಲ್ಲೇ ಹಾಕಿ ಪಳಗಿಸಿ. ಒದ್ದೆ ಕಾಲುಚೀಲದಿಂದ ನೀರುಗುಳ್ಳೆ ಏಳುತ್ತದೆ. ಬಿಸಿಲೇರುವ ಮೊದಲೇ ಮುಗಿಸಿ, ನೀರು ಜೊತೆಗಿರಲಿ.

ಊಟದ ವಿಷಯದಲ್ಲಿ ನಾಗಮಂಗಲದವರು ಭಾಗ್ಯವಂತರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಯ ಜೊತೆಗೆ ಕಾಳು, ಸೊಪ್ಪು, ಮೊಟ್ಟೆ, ಹಾಲು ಇದ್ದರೆ ಪುಡಿ ಡಬ್ಬಿಗಳಿಗೆ ಹಣ ಸುರಿಯಬೇಕಾಗಿಲ್ಲ. ನಿದ್ರೆ ಕಡಿಮೆ ಮಾಡಬೇಡಿ. ರಾತ್ರಿ ಆರು ಗಂಟೆಯಾದರೂ ನಿದ್ರೆ ಕೊಟ್ಟು, ನಡಿಗೆಯ ಒಟ್ಟು ದೂರ ಇಳಿಸಿದ ಮೇಲೆ ಇಸ್ರೇಲಿನ ಸೇನೆಯಲ್ಲಿ ಬಿರುಕಿನ ಪ್ರಕರಣಗಳು ಗಣನೀಯವಾಗಿ ಇಳಿದವು.

ನೋವನ್ನು ಮರೆಮಾಚಬೇಡಿ

ಎರಡೂ ಕಾಲುಗಳ ಮಾಂಸಖಂಡ ನೊಂದು ಎರಡು ದಿನದಲ್ಲಿ ಮಾಯವಾದರೆ ಹೆದರಬೇಕಿಲ್ಲ. ಮೂಳೆಯ ಮೇಲೆ ಒಂದೇ ಕಡೆ ಬೆರಳಿಟ್ಟು ತೋರಿಸುವಂಥ ನೋವಿದ್ದು, ನಡೆದಂತೆ ಹೆಚ್ಚಿದರೆ, ರಾತ್ರಿಯೂ ಕಾಡಿದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೆ ಇರಬಹುದು. ನೋವು ಮುಂದುವರಿದರೆ ಮತ್ತೆ ತೋರಿಸಬೇಕು. ಮಾತ್ರೆ ನುಂಗಿ ನಡೆದರೆ ಬಿರುಕು ಪೂರ್ಣ ಮುರಿತವಾದೀತು.

2022ರ ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರರ ಸೇವೆ ನಾಲ್ಕು ವರ್ಷ. ಮುಂದೆ ಕಾಯಂ ಆಗುವವರು ಗರಿಷ್ಠ ಶೇ. 25. ಅಷ್ಟು ಚಿಕ್ಕ ಅವಧಿಯಲ್ಲಿ ಕಾಲು ಮುರಿದುಕೊಂಡು ತಿಂಗಳುಗಳನ್ನು ಕಳೆಯುವುದು ದೊಡ್ಡ ನಷ್ಟ. ಮಗ ಬೇಗ ಗಟ್ಟಿಯಾಗಲಿ ಎಂದು ಅವಸರಪಡಿಸುವ ತಂದೆತಾಯಿಗೆ ನಮ್ಮ ವಿನಂತಿ ಇಷ್ಟೆ: ಅವನ ಮೂಳೆಗೆ ಸಮಯ ಕೊಡಿ. ತರಬೇತಿಯ ಮೊದಲ ದಿನ ಅವನು ನೋವಿಲ್ಲದ ಕಾಲುಗಳ ಮೇಲೆ ನಿಲ್ಲಲಿ.