ಕಾರ್ಡಿನಲರು ಮೆಚ್ಚಿದ ಹಣ್ಣಿನ ಬುಟ್ಟಿ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಅಂದು ಹೊಸ ತೆನೆಯನ್ನು ಆಶೀರ್ವದಿಸುವ ವಾಡಿಕೆಯನ್ನು ಕರಾವಳಿಯ ಕುಟುಂಬಗಳು ಘಟ್ಟದ ಮೇಲಕ್ಕೂ ತಂದಿವೆ. ಕಾಣಿಕೆಯ ಸಮಯದಲ್ಲಿ ಹಣ್ಣಿನ ಬುಟ್ಟಿಯೂ ಬಲಿಪೀಠದತ್ತ ಸಾಗುತ್ತದೆ. ಅದಕ್ಕೆಂದು ಗೋಣಿಕೊಪ್ಪಲಿನ ಸಂತೆಯಲ್ಲಿ ಹಣ್ಣು ಆರಿಸುವಾಗ ನಾವು ಕಲೆ ಬಿದ್ದದ್ದನ್ನೂ ಹುಳು ಕೊರೆದದ್ದನ್ನೂ ಪಕ್ಕಕ್ಕೆ ಸರಿಸುತ್ತೇವೆ. ದೇವರಿಗೆ ಒಳ್ಳೆಯದನ್ನೇ ಕೊಡಬೇಕೆನ್ನುವುದು ಸರಿಯೇ. ಆದರೆ ಹುಳು ಕೊರೆದ ಸೇಬಿನ ಚಿತ್ರವೊಂದನ್ನು ಕಾರ್ಡಿನಲರೊಬ್ಬರು ಜೋಪಾನ ಮಾಡಿದ್ದರು.

ಚಿತ್ರ ಬರೆದವನು ಇಟಲಿಯ ಕಾರವಾಜ್ಜೊ, ಸುಮಾರು 1599ರಲ್ಲಿ. ಜೋಪಾನ ಮಾಡಿದವರು ಮಿಲಾನಿನ ಮಹಾಧರ್ಮಾಧ್ಯಕ್ಷ ಫೆದೆರಿಕೊ ಬೊರ್ರೊಮೆಯೊ, ಸಂತ ಚಾರ್ಲ್ಸ್ ಬೊರ್ರೊಮೆಯೊರವರ ಚಿಕ್ಕಪ್ಪನ ಮಗ. ಇಂಥ ಚಿತ್ರಕ್ಕೆ ಸ್ಟಿಲ್ ಲೈಫ್ ಎನ್ನುತ್ತಾರೆ; ನಮ್ಮ ಮಕ್ಕಳು ಡ್ರಾಯಿಂಗ್ ತರಗತಿಯಲ್ಲಿ ಹೂಜಿ, ಬಾಳೆಹಣ್ಣು ಇಟ್ಟುಕೊಂಡು ಬರೆಯುವುದೂ ಇದನ್ನೇ. ಇದರಲ್ಲಿ ಮನುಷ್ಯರಿಲ್ಲ, ಕಥೆಯಿಲ್ಲ. ಸಂತರ ಚಿತ್ರದ ಮುಂದೆ ಕೈಜೋಡಿಸುವ ನಾವು ಇದರ ಮುಂದೆ ನಿಲ್ಲುವುದೇ ಇಲ್ಲ.

ನಿಂತು ನೋಡೋಣ. ಕೆಳಗಿನಿಂದ ಆರಂಭಿಸುವುದು ಒಳ್ಳೆಯದು. ಬುಟ್ಟಿಯ ತಳ ಅಂಚನ್ನು ತುಸು ದಾಟಿ ನಮ್ಮ ಕಡೆಗೆ ಚಾಚಿದೆ. ಕೈಯಿಟ್ಟು ಹಿಂದೆ ಸರಿಸೋಣವೆನಿಸುತ್ತದೆ. ಹಿನ್ನೆಲೆಯಲ್ಲಿ ಕಿಟಕಿಯಿಲ್ಲ, ಪರದೆಯಿಲ್ಲ, ಬರೀ ಮಾಸಲು ಹಳದಿ. ಕಣ್ಣು ಬೇರೆಡೆಗೆ ಹೋಗಲಾರದೆ ಹಣ್ಣುಗಳಿಗೇ ಮರಳುತ್ತದೆ: ದ್ರಾಕ್ಷಿ, ಅಂಜೂರ, ಮರಸೇಬು, ಸೇಬು. ಎದುರಿನ ಸೇಬಿನಲ್ಲಿಯೇ ಹುಳುವಿನ ತೂತು. ಕೆಲವು ಎಲೆಗಳನ್ನು ಕೀಟ ತಿಂದಿದೆ, ಬಲಗಡೆಯವು ಒಣಗಿ ಮುರುಟಿವೆ.

ಹುಳುವೆಂದರೆ ಪಾಪ, ಬಾಡಿದ ಎಲೆಯೆಂದರೆ ಮರಣ ಎಂದು ವಿವರಿಸುವವರುಂಟು. ಅಷ್ಟು ಅವಸರ ಬೇಡವೆಂದು ನಮಗನಿಸುತ್ತದೆ. ಚಿತ್ರಕಾರ ದ್ರಾಕ್ಷಿಗೆ ಕೊಟ್ಟ ಬೆಳಕನ್ನೇ ತೂತು ಬಿದ್ದ ಸೇಬಿಗೂ ಕೊಟ್ಟಿದ್ದಾನೆ. ಮೊದಲು ನೋಡಬೇಕಾದದ್ದು ಅದನ್ನು. ಕಾಫಿ ತೋಟದ ನಡುವೆ ರೋಗ ತಗುಲಿ ಸೊರಗಿದ ಕಿತ್ತಳೆ ಗಿಡಗಳನ್ನು ಕಂಡ ಕೊಡಗಿನವರಿಗೆ ಈ ಬುಟ್ಟಿ ಪರದೇಶದ್ದೆನಿಸದು. ಕೊನೆಗೆ ಉಳಿದ ನಾಲ್ಕು ಕಾಯಿಗೆ ಕಲೆಯಿದ್ದರೂ ಅವು ನಮ್ಮ ಮರದವೇ.

ಕಾರ್ಡಿನಲರು 1618ರಲ್ಲಿ ತಮ್ಮ ಚಿತ್ರಗಳನ್ನು ಮಿಲಾನಿನ ಆಂಬ್ರೋಸಿಯಾನ ಸಂಸ್ಥೆಗೆ ದಾನವಿತ್ತರು. ಆ ಸಂಗ್ರಹದ ಬಗ್ಗೆ 1625ರಲ್ಲಿ ಬರೆಯುತ್ತಾ, ಈ ಬುಟ್ಟಿಯ ಪಕ್ಕಕ್ಕೆ ಇನ್ನೊಂದನ್ನು ಇಡಬೇಕೆಂದು ಆಸೆಪಟ್ಟರೂ ಸರಿಸಾಟಿಯಾದದ್ದು ಸಿಗದೆ ಇದು ಒಂಟಿಯಾಗಿಯೇ ಉಳಿಯಿತೆಂದು ತಿಳಿಸಿದ್ದಾರೆ. ಚಿತ್ರ ಈಗಲೂ ಅಲ್ಲಿಯೇ ಇದೆ.

ಮಿಲಾನಿಗೆ ಹೋಗಲಾಗದ ನಾವು ಹಬ್ಬದ ಮುನ್ನಾದಿನ ಹಣ್ಣಿನ ಬುಟ್ಟಿಯನ್ನು ಕಿಟಕಿಯ ಬಳಿ ಇಟ್ಟು, ಮಕ್ಕಳೊಂದಿಗೆ ಐದು ನಿಮಿಷ ಸುಮ್ಮನೆ ಕುಳಿತು ನೋಡಬಹುದು. ಯಾವ ಹಣ್ಣಿನ ಮೇಲೆ ಬೆಳಕು ಬಿದ್ದಿದೆ, ಯಾವುದಕ್ಕೆ ಕಲೆಯಿದೆ ಎಂದು ಅವರೇ ಹೇಳಲಿ.